ಕೋಣೆಯ ಬೇಸ್ ಗುಂಯ್‌ಗುಡುವುದಕ್ಕೆ ಈಕ್ವಲೈಝರ್ ಫಿಲ್ಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ಕೂತು ಸಂಗೀತ ಕೇಳುವ ಗೆಳೆಯರು ಮಾತಿನ ನಡುವೆ, ಪತ್ರದಲ್ಲಿ, ಫೋನಿನಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಈಕ್ವಲೈಝರ್ ಅಂದರೆ ಬೇರೆ ಬೇರೆ ಸ್ವರಗಳ ಸದ್ದನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಸಾಧನ, ಫಿಲ್ಟರ್ ಅಂದರೆ ಅದರಲ್ಲಿ ಮಾಡುವ ಒಂದೊಂದು ತಿದ್ದುಪಡಿ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಉದಾಹರಣೆಗೆಲ್ಲ ನಮ್ಮ ಮನೆಯ ಹಾಲನ್ನೇ ತೆಗೆದುಕೊಂಡಿದ್ದೇನೆ. 14 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರ. ಸಿಮೆಂಟ್ ಬ್ಲಾಕ್ ಗೋಡೆ, ಆರ್‌ಸಿಸಿ ಛಾವಣಿ, ನೆಲಕ್ಕೆ ಟೈಲ್ಸ್. ಬೆಂಗಳೂರಿನ 30-40 ಸೈಟಿನ ಮನೆಗಳಲ್ಲಿ ಇಂಥ ಹಾಲ್ ಬೇಕಾದಷ್ಟಿವೆ. ಹಾಗಾಗಿ ಲೆಕ್ಕ ನಿಮಗೂ ಹೊಂದಬಹುದು.

## ಮೊದಲು ತಿಳಿಯಬೇಕಾದ್ದು

ಅಂಗಡಿಯಲ್ಲಿ ಚೆನ್ನಾಗಿ ಕೇಳ್ತಿದ್ದ ಸ್ಪೀಕರ್ ನಮ್ಮನೆ ಹಾಲಲ್ಲಿ ಯಾಕೆ ಗುಂಯ್ ಅನ್ನುತ್ತೆ?

ಬಚ್ಚಲುಮನೆಯಲ್ಲಿ ಹಾಡಿ ನೋಡಿದ್ದೀರಲ್ವಾ? ಬಾಯಿ ಮುಚ್ಚಿ ಕೆಳಗಿನ ಸ್ವರದಿಂದ ನಿಧಾನವಾಗಿ ಮೇಲಕ್ಕೆ ಹೋದರೆ ಯಾವುದೋ ಒಂದು ಸ್ವರಕ್ಕೆ ಇಡೀ ಬಚ್ಚಲು ಗುಂಯ್ ಎಂದು ದನಿಗೂಡಿಸುತ್ತದೆ. ಅದರ ಹಿಂದಿನ ಸ್ವರಕ್ಕೂ ಇಲ್ಲ, ಮುಂದಿನದಕ್ಕೂ ಇಲ್ಲ. ನಿಮ್ಮ ಹಾಲ್ ಮಾಡುವುದೂ ಅದೇ ಕೆಲಸ. ಹಾಲ್ ದೊಡ್ಡದಾದ್ದರಿಂದ ಅದು ಹಿಡಿಯುವ ಸ್ವರಗಳು ಇನ್ನೂ ಕೆಳಗಿರುತ್ತವೆ, ಅಂದರೆ ಬೇಸ್‌ನಲ್ಲಿ.

ಬೇಸ್‌ನ ಅಲೆಗಳು ತುಂಬಾ ಉದ್ದ. 40 ಹರ್ಟ್ಜ್, ಅಂದರೆ ಸೆಕೆಂಡಿಗೆ 40 ಸಲ ಕಂಪಿಸುವ ಶಬ್ದದ (ಈ ಎಣಿಕೆಗೇ ಫ್ರೀಕ್ವೆನ್ಸಿ ಅನ್ನುವುದು) ಒಂದು ಅಲೆ ಸುಮಾರು 28 ಅಡಿ. 14 ಅಡಿಯ ಹಾಲಿನಲ್ಲಿ ಅದು ಎದುರು ಗೋಡೆಗೆ ಬಡಿದು ವಾಪಸ್ ಬರುವ ಹೊತ್ತಿಗೆ ಸರಿಯಾಗಿ ಒಂದು ಅಲೆ ಮುಗಿದಿರುತ್ತದೆ. ಅಷ್ಟರಲ್ಲಿ ಸ್ಪೀಕರ್ ಮುಂದಿನ ಅಲೆಯನ್ನು ಕಳಿಸುತ್ತದೆ. ಹಳೆಯದರ ಮೇಲೆ ಹೊಸದು ಕೂಡಿಕೊಂಡು ಆ ಒಂದು ಸ್ವರ ಊದಿಕೊಳ್ಳುತ್ತದೆ. ಅನುರಣನೆ ಅನ್ನುವುದು ಇದಕ್ಕೇ. ಅಂಗಡಿಯ ಕೋಣೆ ದೊಡ್ಡದಿತ್ತು, ಅಳತೆ ಬೇರೆ ಇತ್ತು, ಸ್ಪೀಕರ್ ಇಟ್ಟ ಜಾಗ ಬೇರೆ ಇತ್ತು. ಸ್ಪೀಕರ್ ಕೆಟ್ಟಿಲ್ಲ.

ನಮ್ಮ ಕಟ್ಟಡಗಳ ಬಗ್ಗೆ ಒಂದು ಮಾತು. ಅಮೆರಿಕದಲ್ಲಿ ಮರದ ಚೌಕಟ್ಟಿಗೆ ಜಿಪ್ಸಂ ಹಲಗೆ ಹೊಡೆದ ಗೋಡೆಗಳು ಜಾಸ್ತಿ. ಆ ಹಲಗೆ ಬೇಸ್‌ಗೆ ತಾನೂ ಅದುರಿ ಒಂದಿಷ್ಟು ಶಕ್ತಿ ಹೀರಿಕೊಳ್ಳುತ್ತದೆ. ನಮ್ಮ ಕಾಂಕ್ರೀಟ್ ಗೋಡೆ ಅಲುಗುವುದೇ ಇಲ್ಲ, ಬಂದ ಬೇಸನ್ನೆಲ್ಲ ವಾಪಸ್ ಕಳಿಸುತ್ತದೆ. ಅಲ್ಲಿಂದ ಇಲ್ಲಿಗೆ ಮರಳಿ ಬಂದ ಒಬ್ಬ ಗೆಳೆಯರು ಅದೇ ಸ್ಪೀಕರ್, ಅದೇ ಆಂಪ್ (ಆಂಪ್ಲಿಫೈಯರ್) ತಂದು ಜೋಡಿಸಿ, "ಸಾಗಿಸುವಾಗ ಏನೋ ಕೆಟ್ಟಿದೆ" ಅಂತ ನನ್ನನ್ನು ಕರೆದಿದ್ದರು. ಏನೂ ಕೆಟ್ಟಿರಲಿಲ್ಲ. ಗೋಡೆ ಬದಲಾಗಿತ್ತು, ಅಷ್ಟೇ.

ನನ್ನ ಕೋಣೆ ಯಾವ ಫ್ರೀಕ್ವೆನ್ಸಿಗೆ ಗುಂಯ್ ಅನ್ನುತ್ತೆ ಅಂತ ಮೊದಲೇ ಗೊತ್ತಾಗುತ್ತಾ?

ಅಂದಾಜು ಗೊತ್ತಾಗುತ್ತದೆ. ಟೇಪ್ ತೆಗೆದುಕೊಂಡು ಗೋಡೆಯಿಂದ ಗೋಡೆಗೆ ಅಳೆಯಿರಿ. 565ನ್ನು ಅಡಿಯ ಅಳತೆಯಿಂದ ಭಾಗಿಸಿ. ಶಬ್ದ ಸೆಕೆಂಡಿಗೆ ಸುಮಾರು 1130 ಅಡಿ ಹೋಗುತ್ತದೆ, ಅದರ ಅರ್ಧವೇ ಈ 565. ನಮ್ಮ ಹಾಲಿನ ಉದ್ದಕ್ಕೆ 40 ಹರ್ಟ್ಜ್, ಅಗಲಕ್ಕೆ 47, ಎತ್ತರಕ್ಕೆ 56 ಬರುತ್ತದೆ. ಇವುಗಳ ಎರಡರಷ್ಟು, ಮೂರರಷ್ಟರಲ್ಲೂ ಅನುರಣನೆ ಇರುತ್ತದೆ. ಅಂದರೆ ಉದ್ದಕ್ಕೆ 81, 121 ಹೀಗೆ.

ಕೋಣೆ ಚೌಕವಾಗಿದ್ದರೆ ಎಚ್ಚರ. 12 ಅಡಿಗೆ 12 ಅಡಿ ಕೋಣೆಯಲ್ಲಿ ಉದ್ದ, ಅಗಲ ಎರಡೂ 47ರಲ್ಲೇ ಸೇರಿಕೊಳ್ಳುತ್ತವೆ. ಒಂದೇ ಕಡೆ ಎರಡು ಪಟ್ಟು ತೊಂದರೆ.

ಆದರೆ ಲೆಕ್ಕದಲ್ಲಿ ಇರುವುದೆಲ್ಲ ಕಿವಿಗೆ ಬರುವುದಿಲ್ಲ. ನಮ್ಮ ಹಾಲಿನಲ್ಲಿ ಎರಡು ಸ್ಪೀಕರ್‌ಗಳೂ ಪಕ್ಕದ ಗೋಡೆಗಳಿಂದ ಸಮ ದೂರದಲ್ಲಿವೆ, ನಾನು ಸರಿಯಾಗಿ ನಡುವೆ ಕೂರುತ್ತೇನೆ. ಅಗಲದ 47 ಹರ್ಟ್ಜ್ ನಡುಮಧ್ಯದಲ್ಲಿ ಕೇಳಿಸುವುದೇ ಇಲ್ಲ. ನನಗೆ ಕಾಡಿದ್ದು ಉದ್ದದ 40 ಮತ್ತು 81. ಹಾಗಾಗಿ ಲೆಕ್ಕ ಎಲ್ಲಿ ಹುಡುಕಬೇಕು ಅಂತ ಹೇಳುತ್ತದೆ. ಏನಿದೆ ಅಂತ ಹೇಳುವುದು ಅಳತೆ ಮಾತ್ರ.

ಆಂಪ್‌ನಲ್ಲಿ ಬೇಸ್ ನಾಬ್ ಇದೆಯಲ್ಲ, ಅದನ್ನೇ ಇಳಿಸಿದ್ರೆ ಸಾಕಲ್ವಾ?

ಸಾಲದು. ಆ ನಾಬ್ 100 ಹರ್ಟ್ಜ್‌ನ ಆಸುಪಾಸಿನಿಂದ ಕೆಳಗಿರುವುದೆಲ್ಲವನ್ನೂ ಒಟ್ಟಿಗೆ ಇಳಿಸುತ್ತದೆ. ಊದಿಕೊಂಡಿರುವುದು ಒಂದೋ ಎರಡೋ ಸ್ವರ. ಅದರ ಜೊತೆ ಸರಿಯಾಗಿದ್ದ ಹತ್ತು ಸ್ವರಗಳೂ ಸೊರಗುತ್ತವೆ. ನಮಗೆ ಬೇಕಾದ್ದು ಆ ಒಂದು ಜಾಗಕ್ಕೆ ಮಾತ್ರ ಕೈ ಹಾಕುವ ಫಿಲ್ಟರ್.

ಗೋಡೆಗೆ ಫೋಮ್ ಅಥವಾ ಮೊಟ್ಟೆ ಟ್ರೇ ಅಂಟಿಸಿದ್ರೆ?

ಬೇಸ್‌ಗೆ ಪ್ರಯೋಜನವಿಲ್ಲ. ಹೀರುವ ವಸ್ತು ಚೆನ್ನಾಗಿ ಕೆಲಸ ಮಾಡಬೇಕಾದರೆ ಅಲೆಯ ಕಾಲು ಭಾಗದಷ್ಟಾದರೂ ಗೋಡೆಯಿಂದ ಈಚೆಗೆ ಬರಬೇಕು. 40 ಹರ್ಟ್ಜ್‌ಗೆ ಕಾಲು ಭಾಗ ಅಂದರೆ 7 ಅಡಿ. ಎರಡು ಇಂಚಿನ ಫೋಮ್ ಸಿಂಬಲ್‌ನ ಮಿಂಚನ್ನು, ಮಾತಿನ ಚೂಪನ್ನು ಮಾತ್ರ ನುಂಗುತ್ತದೆ. ಆಗ ಕೋಣೆ ಇನ್ನೂ ಮಂಕಾಗಿ, ಬೇಸ್ ಮೊದಲಿಗಿಂತ ಜಾಸ್ತಿ ಅನ್ನಿಸುತ್ತದೆ. ಮೂಲೆಯಲ್ಲಿ ನೆಲದಿಂದ ಛಾವಣಿವರೆಗೆ ದಪ್ಪನೆಯ ರಾಕ್‌ವೂಲ್ (ಕಲ್ಲಿನ ನಾರಿನ ಹಾಸು) ತುಂಬಿದರೆ ಸ್ವಲ್ಪ ಉಪಯೋಗ ಉಂಟು. ಆದರೆ ಹಾಲಿನಲ್ಲಿ ಮನೆಯವರೂ ಇರುತ್ತಾರಲ್ಲ. ಬೇಸ್‌ನ ತಳಭಾಗದಲ್ಲಿ ಫಿಲ್ಟರ್‌ನಷ್ಟು ಕಡಿಮೆ ಜಾಗ, ಕಡಿಮೆ ಖರ್ಚಿನ ದಾರಿ ನನಗೆ ಬೇರೆ ಕಂಡಿಲ್ಲ.

ಈಕ್ವಲೈಝರ್ ಹಾಕಿದ್ರೆ ಸಂಗೀತದ ಶುದ್ಧತೆ ಹೋಗಲ್ವಾ?

ಈ ಭಯವನ್ನು ನಾನು ಗೌರವಿಸುತ್ತೇನೆ, ನನಗೂ ಇತ್ತು. ಆದರೆ ಯೋಚಿಸಿ ನೋಡಿ. ಕೋಣೆ ಆಗಲೇ ಒಂದು ಈಕ್ವಲೈಝರ್. 40 ಹರ್ಟ್ಜ್ ಅನ್ನು 10 ಡೆಸಿಬೆಲ್ (ಸದ್ದಿನ ಮಟ್ಟದ ಅಳತೆ) ಏರಿಸಿ ಕೂತಿದೆ. ನಾವು ಹಾಕುವ ಫಿಲ್ಟರ್ ಅದನ್ನು ಕಳೆಯುತ್ತದೆ.

ನನ್ನ ಮನಸ್ಸು ಬದಲಾಯಿಸಿದ್ದು ಮೃದಂಗ. ಎಡಗಡೆಯ ಮುಖಕ್ಕೆ ರವೆ ಮೆತ್ತಿ, ಅಂಗೈ ಒತ್ತಿ ಜಾರಿಸಿದಾಗ ಬರುವ ಗುಮ್ಕಿ ಇದೆಯಲ್ಲ, ಅದು ಒಂದು ಸ್ವರದಲ್ಲಿ ನಿಲ್ಲುವುದಿಲ್ಲ, ಕೆಳಗಿನಿಂದ ಮೇಲಕ್ಕೆ ಜಾರುತ್ತದೆ. ಅದೇ ಅದರ ಜೀವ. ನಮ್ಮ ಹಾಲಿನಲ್ಲಿ ವರ್ಷಗಟ್ಟಲೆ ನನಗೆ ಆ ಜಾರು ಕೇಳಿರಲೇ ಇಲ್ಲ. ಪ್ರತಿ ಗುಮ್ಕಿಯೂ 81ರ ಹತ್ತಿರ ಬಂದು "ಡುಂ" ಎಂದು ಒಂದೇ ಸ್ವರದಲ್ಲಿ ಒರಗಿಬಿಡುತ್ತಿತ್ತು. ಹೀಗೆ ಊದಿಕೊಂಡ ಸ್ವರಕ್ಕೆ ದಿಬ್ಬ ಅನ್ನೋಣ, ಗ್ರಾಫಿನಲ್ಲಿ ಅದು ಹಾಗೇ ಕಾಣುತ್ತದೆ. ಆ ದಿಬ್ಬ ತೆಗೆದ ಸಂಜೆ ಅದೇ ಕಛೇರಿಯ ರೆಕಾರ್ಡಿಂಗ್ ಹಾಕಿದೆ. ತನಿ ಆವರ್ತನದಲ್ಲಿ ಅಂಗೈ ಚರ್ಮದ ಮೇಲೆ ಸರಿಯುವುದು ಕಣ್ಣಿಗೆ ಕಟ್ಟಿದ ಹಾಗೆ ಕೇಳಿಸಿತು.

## ಫಿಲ್ಟರ್‌ಗೆ ಮೊದಲು

ಸ್ಪೀಕರ್, ಸೋಫಾ ಜಾಗ ಬದಲಾಯಿಸಲೇಬೇಕಾ? ಸುಮ್ನೆ ಫಿಲ್ಟರ್ ಹಾಕಿದ್ರೆ ಆಗಲ್ವಾ?

ಒಂದಡಿ ಎರಡಡಿ ಸರಿಸಲು ಸಾಧ್ಯವಿದ್ದರೆ ಮೊದಲು ಅದನ್ನೇ ಮಾಡಿ. ದುಡ್ಡು ಬೇಡ. ಕೆಲವು ಸಲ ಫಿಲ್ಟರ್ ಕೈಲಿ ಆಗದ್ದೂ ಇದರಿಂದ ಆಗುತ್ತದೆ.

ಬೇಸ್‌ನ ಒತ್ತಡ ಗೋಡೆಯ ಹತ್ತಿರ ಅತಿ ಹೆಚ್ಚು. ನಮ್ಮಲ್ಲಿ ಸೋಫಾ ಎಂದರೆ ಗೋಡೆಗೆ ಒರಗಿಸಿಯೇ ಇಡುವುದು, ಅಲ್ವಾ? ನನ್ನದೂ ಹಾಗೇ ಇತ್ತು. ಕಿವಿ ಹಿಂದಿನ ಗೋಡೆಯಿಂದ 3 ಅಡಿ ಮುಂದೆ ಬರುವಂತೆ ಎಳೆದೆ. 14 ಅಡಿಯ ಕೋಣೆಯಲ್ಲಿ 81 ಹರ್ಟ್ಜ್ ಕಾಲು ದೂರದಲ್ಲಿ, ಅಂದರೆ ಮೂರೂವರೆ ಅಡಿಯಲ್ಲಿ, ತೀರಾ ತಗ್ಗುತ್ತದೆ. ಹಾಗಾಗಿ 81ರ ದಿಬ್ಬದ ಬಹುಪಾಲು ಅಲ್ಲೇ ಕರಗಿತು. 40ರ ದಿಬ್ಬ ಇಳಿದದ್ದು 2 ಡೆಸಿಬೆಲ್‌ನಷ್ಟು ಮಾತ್ರ. ಉಳಿದದ್ದು ಫಿಲ್ಟರ್ ಪಾಲಿಗೆ. ಹಾಗಂತ ಇನ್ನೂ ಮುಂದೆ ಎಳೆದು ನಟ್ಟನಡುವೆ ಕೂತರೆ 40 ಹರ್ಟ್ಜ್ ಪೂರ್ತಿ ಮಾಯವಾಗುತ್ತದೆ, ಅದೂ ಬೇಡ.

ಸಬ್‌ವೂಫರ್, ಅಂದರೆ ಬರೀ ಬೇಸ್‌ಗೆಂದೇ ಇರುವ ಸ್ಪೀಕರ್, ಇದ್ದರೆ ಒಂದು ಹಳೆಯ ಉಪಾಯವಿದೆ. ಸಬ್ಬನ್ನು ಎತ್ತಿ ನೀವು ಕೂರುವ ಜಾಗದಲ್ಲೇ ಇಡಿ. ಬೇಸ್ ಗಿಟಾರ್ ಮೆಟ್ಟಿಲು ಹತ್ತಿದ ಹಾಗೆ ಸ್ವರ ಸ್ವರವಾಗಿ ನಡೆಯುವ ಹಾಡು ಹಾಕಿ. ಆಮೇಲೆ ಸಬ್ ಇಡಬಹುದಾದ ಜಾಗಗಳಲ್ಲೆಲ್ಲ ನೆಲದ ಹತ್ತಿರ ಕಿವಿಯಿಟ್ಟು ಕೇಳುತ್ತಾ ಹೋಗಿ. ಎಲ್ಲಾ ಸ್ವರಗಳೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಕೇಳಿದ ಜಾಗದಲ್ಲಿ ಸಬ್ ಇಡಿ. ಹೋಗಿಬರುವ ದಾರಿ ಎರಡು ಕಡೆಯಿಂದಲೂ ಒಂದೇ ಆದ್ದರಿಂದ ಈ ಉಪಾಯ ಕೆಲಸ ಮಾಡುತ್ತದೆ.

ಅಳೆಯೋಕೆ ಮೊಬೈಲ್ ಸಾಕಾ, ಮೈಕ್ ತಗೋಬೇಕಾ?

ಯಾವ ಸ್ವರ ಗುಂಯ್ ಅನ್ನುತ್ತದೆ ಎಂದು ಕಂಡುಹಿಡಿಯಲು ಮೊಬೈಲ್ ಸಾಕು. ಎಷ್ಟು ಡೆಸಿಬೆಲ್ ಜಾಸ್ತಿ ಎಂದು ನಂಬಲು ಸಾಲದು. ಮೊಬೈಲ್ ಮೈಕ್ ಮಾತಿಗೆಂದು ಮಾಡಿದ್ದು, ತೀರಾ ಕೆಳಗಿನ ಬೇಸನ್ನು ಹಲವು ಫೋನ್‌ಗಳು ಕತ್ತರಿಸಿಬಿಡುತ್ತವೆ.

ಅಳತೆಗೆಂದೇ ಬರುವ ಯುಎಸ್‌ಬಿ ಮೈಕ್ ಒಳ್ಳೆಯದು. ಮಿನಿಡಿಎಸ್‌ಪಿಯವರ ಯುಮಿಕ್-1 ಜಾಸ್ತಿ ಬಳಕೆಯಲ್ಲಿದೆ. ಪ್ರತಿ ಮೈಕ್‌ಗೂ ಅದರ ಸೀರಿಯಲ್ ನಂಬರ್ ಪ್ರಕಾರ ತಿದ್ದುಪಡಿ ಫೈಲ್ ಸಿಗುತ್ತದೆ. ಸಾಫ್ಟ್‌ವೇರ್‌ಗೆ ಜಾನ್ ಮಲ್ಕಾಹಿ ಅವರು ಬರೆದ ರೂಮ್ ಈಕ್ಯೂ ವಿಝರ್ಡ್ ಇದೆ, ಉಚಿತ. ಮೈಕ್ ಕೊಳ್ಳುವ ಮನಸ್ಸಿಲ್ಲದಿದ್ದರೆ ನಿಮ್ಮ ಊರಲ್ಲೇ ಯಾರದ್ದಾದರೂ ಒಂದು ದಿನಕ್ಕೆ ತನ್ನಿ. ದಿನಾ ಬೇಕಾಗುವ ವಸ್ತುವಲ್ಲ ಅದು.

ಅಳತೆ ಮಾಡೋವಾಗ ಏನೇನು ನೋಡ್ಕೋಬೇಕು?

ಫ್ಯಾನ್ ಆರಿಸಿ, ಇದನ್ನು ಎಲ್ಲರೂ ಮರೆಯುತ್ತಾರೆ. ಫ್ರಿಜ್, ಯುಪಿಎಸ್ ಗುಂಯ್‌ಗುಡುತ್ತಿದ್ದರೆ ಅದು ನಿಲ್ಲುವ ಹೊತ್ತು ನೋಡಿಕೊಳ್ಳಿ. ಬಾಗಿಲು, ಕಿಟಕಿ ನೀವು ಸಂಗೀತ ಕೇಳುವಾಗ ಹೇಗಿರುತ್ತವೋ ಹಾಗೇ ಇರಲಿ. ಮೈಕ್ ನಿಮ್ಮ ತಲೆ ಇರುವ ಜಾಗದಲ್ಲಿ, ಕಿವಿಯ ಎತ್ತರದಲ್ಲಿ ನಿಲ್ಲಬೇಕು. ಸೋಫಾದ ಮೇಲೆ ದಿಂಬಿಟ್ಟು ಅದರ ಮೇಲೆ ಮಲಗಿಸಬೇಡಿ.

15ರಿಂದ 300 ಹರ್ಟ್ಜ್‌ವರೆಗೆ ಒಂದು ಸ್ವೀಪ್ (ಕೆಳಗಿನಿಂದ ಮೇಲಕ್ಕೆ ಜಾರುತ್ತಾ ಹೋಗುವ ಶಬ್ದ) ಓಡಿಸಿ. ಎಡ ಸ್ಪೀಕರ್ ಒಂದು ಸಲ, ಬಲ ಒಂದು ಸಲ, ಎರಡೂ ಸೇರಿ ಒಂದು ಸಲ. ಆಮೇಲೆ ಮೈಕನ್ನು ಒಂದು ಗೇಣು ಅತ್ತ, ಒಂದು ಗೇಣು ಇತ್ತ ಇಟ್ಟು ಮತ್ತೆ ಅಳೆಯಿರಿ. ಎಲ್ಲಾ ಗೆರೆಗಳಲ್ಲೂ ಒಂದೇ ಕಡೆ ಎದ್ದು ನಿಲ್ಲುವ ದಿಬ್ಬ ನಿಜವಾದ ದಿಬ್ಬ. ಗ್ರಾಫನ್ನು ನಯ ಮಾಡುವ ಸ್ಮೂದಿಂಗ್ ಬೇಸ್ ನೋಡುವಾಗ ಬೇಡ. ನಯ ಮಾಡಿದರೆ ಕಿರಿದಾದ ದಿಬ್ಬ ಅಗಲವಾಗಿ, ಗಿಡ್ಡವಾಗಿ ಕಾಣುತ್ತದೆ. ಅದನ್ನು ನೋಡಿ ಹಾಕಿದ ಫಿಲ್ಟರ್ ತಪ್ಪುತ್ತದೆ.

## ಫಿಲ್ಟರ್ ಹಾಕುವುದು

ಫ್ರೀಕ್ವೆನ್ಸಿ, ಗೇನ್, ಕ್ಯೂ ಅಂತ ಮೂರು ಕೇಳುತ್ತೆ. ಏನು ತುಂಬಬೇಕು?

ಫ್ರೀಕ್ವೆನ್ಸಿ ಅಂದರೆ ದಿಬ್ಬದ ತುದಿ ಎಲ್ಲಿದೆ ಎನ್ನುವುದು. ಗೇನ್ ಅಂದರೆ ಎಷ್ಟು ಇಳಿಸಬೇಕು ಎನ್ನುವುದು, ಮೈನಸ್ ಗುರುತಿನ ಜೊತೆ. ಕ್ಯೂ ಅಂದರೆ ಎಷ್ಟು ಕಿರಿದು ಎನ್ನುವುದು. ಫ್ರೀಕ್ವೆನ್ಸಿಯನ್ನು ಕ್ಯೂನಿಂದ ಭಾಗಿಸಿದರೆ ಫಿಲ್ಟರ್ ಎಷ್ಟು ಹರ್ಟ್ಜ್ ಅಗಲ ಎಂದು ಸುಮಾರಾಗಿ ಸಿಗುತ್ತದೆ. 41 ಹರ್ಟ್ಜ್‌ನಲ್ಲಿ ಕ್ಯೂ 8 ಇಟ್ಟರೆ ಹತ್ತಿರಹತ್ತಿರ 5 ಹರ್ಟ್ಜ್ ಅಗಲ. ಕ್ಯೂ 1 ಇಟ್ಟರೆ 41 ಹರ್ಟ್ಜ್ ಅಗಲ, ಅಂದರೆ ಅರ್ಧ ಬೇಸನ್ನೇ ಕೆರೆದ ಹಾಗೆ.

ಹೀಗೆ ಮೂರನ್ನೂ ಬೇರೆ ಬೇರೆ ಹೊಂದಿಸಬಲ್ಲದ್ದು ಪ್ಯಾರಾಮೆಟ್ರಿಕ್ ಈಕ್ವಲೈಝರ್. ನಿಮಗೆ ಬೇಕಾದ್ದು ಅದೇ.

ನನ್ನ ಹತ್ರ 10 ಬ್ಯಾಂಡ್ ಗ್ರಾಫಿಕ್ ಈಕ್ವಲೈಝರ್ ಇದೆ. ಅದ್ರಲ್ಲಿ ಆಗಲ್ವಾ?

ಕಷ್ಟ. ಅದರ ಕಡ್ಡಿಗಳು 31, 62, 125 ಹರ್ಟ್ಜ್‌ಗೆ ಕಟ್ಟುಬಿದ್ದಿವೆ. ನಿಮ್ಮ ದಿಬ್ಬ 41ರಲ್ಲಿದ್ದರೆ 31ನ್ನೂ ಇಳಿಸಬೇಕು, 62ನ್ನೂ ಇಳಿಸಬೇಕು. 31 ಬ್ಯಾಂಡಿನದ್ದಾದರೆ 40ರಲ್ಲಿ ಒಂದು ಕಡ್ಡಿ ಇದೆ, ಅದೃಷ್ಟವಿದ್ದರೆ ಹತ್ತಿರ ಬರುತ್ತದೆ. ಆದರೂ ಅಗಲ ನಿಮ್ಮ ಕೈಯಲ್ಲಿಲ್ಲ.

ಒಂದು ನಿಜವಾದ ಉದಾಹರಣೆ ಕೊಡಿ. ಮೊದಲ ಫಿಲ್ಟರ್‌ನಿಂದ ಕೊನೆವರೆಗೆ ಹೇಗೆ ಹೋಗ್ತೀರಿ?

ನಮ್ಮ ಹಾಲಿನದ್ದೇ ಹೇಳುತ್ತೇನೆ. ಸೋಫಾ ಮುಂದೆ ಎಳೆದ ಮೇಲೆ ಅಳೆದೆ. ಲೆಕ್ಕದಲ್ಲಿ 40 ಬಂದಿತ್ತು, ಗ್ರಾಫಿನಲ್ಲಿ ದಿಬ್ಬದ ತುದಿ 41ರಲ್ಲಿತ್ತು. ಸುತ್ತಲಿನ ಮಟ್ಟಕ್ಕಿಂತ 10 ಡೆಸಿಬೆಲ್ ಮೇಲೆ. ಬೇಸ್ ಗಿಟಾರ್‌ನ ದಪ್ಪ ತಂತಿಯನ್ನು ಬಿಟ್ಟು ಮೀಟಿದರೆ ಬರುವುದು 41.2 ಹರ್ಟ್ಜ್. ಪಾಪ್, ರಾಕ್, ಸಿನಿಮಾ ಹಾಡು ಯಾವುದೇ ಇರಲಿ, ಆ ತಂತಿ ಮುಟ್ಟಿದಾಗಲೆಲ್ಲ ಹಾಲಿನ ಶೋಕೇಸಿನ ಗಾಜು ಗಿಲಗಿಲ ಅನ್ನುತ್ತಿದ್ದದ್ದು ಯಾಕೆ ಅಂತ ಅವತ್ತು ಅರ್ಥವಾಯಿತು.

ಮೊದಲ ಫಿಲ್ಟರ್: 41 ಹರ್ಟ್ಜ್, ಮೈನಸ್ 6 ಡೆಸಿಬೆಲ್, ಕ್ಯೂ 5. ಒಂದೇ ಸಲಕ್ಕೆ ಪೂರ್ತಿ ಇಳಿಸಲಿಲ್ಲ. ಮತ್ತೆ ಅಳೆದೆ. ದಿಬ್ಬ ಅರ್ಧ ಇಳಿದಿತ್ತು, ಆದರೆ ಎರಡೂ ಪಕ್ಕದಲ್ಲಿ, 36 ಮತ್ತು 46ರ ಹತ್ತಿರ, ಹೊಸದಾಗಿ ತಗ್ಗು ಬಿದ್ದಿತ್ತು. ಅಂದರೆ ಫಿಲ್ಟರ್ ದಿಬ್ಬಕ್ಕಿಂತ ಅಗಲವಾಗಿದೆ. ಕ್ಯೂ 8ಕ್ಕೆ ಏರಿಸಿದೆ, ಗೇನ್ ಮೈನಸ್ 10ಕ್ಕೆ ತಂದೆ. ಪಕ್ಕದ ತಗ್ಗುಗಳು ತುಂಬಿಕೊಂಡವು, ನಡುವಿನ ದಿಬ್ಬ ಮಲಗಿತು. ನಡುವೆ ಒಮ್ಮೆ ಫ್ರೀಕ್ವೆನ್ಸಿಯನ್ನು 43 ಮಾಡಿ ನೋಡಿದೆ. ಗೆರೆ ಒಂದು ಪಕ್ಕಕ್ಕೆ ಏರಿ ಇನ್ನೊಂದು ಪಕ್ಕಕ್ಕೆ ಕುಸಿಯಿತು. ಎರಡೇ ಹರ್ಟ್ಜ್ ತಪ್ಪಿದರೂ ಇಷ್ಟು ಕಾಣುತ್ತದೆ.

ಎರಡನೆಯ ಫಿಲ್ಟರ್: 81ರಲ್ಲಿ ಉಳಿದಿದ್ದ ಸಣ್ಣ ಉಬ್ಬಿಗೆ ಮೈನಸ್ 3, ಕ್ಯೂ 6. ಅಷ್ಟೇ. 110ರ ಆಸುಪಾಸಿನಲ್ಲಿ ಇನ್ನೂ ಒಂದಿಷ್ಟು ಏರಿಳಿತ ಇತ್ತು, ಮುಟ್ಟಲಿಲ್ಲ. ಹೀಗೆ ಎರಡು, ಮೂರು, ಹೆಚ್ಚೆಂದರೆ ನಾಲ್ಕು ಫಿಲ್ಟರಿನಲ್ಲಿ ಮುಗಿಯಬೇಕು. ಹತ್ತು ಹದಿನೈದು ಫಿಲ್ಟರ್ ಹಾಕಿ ಗೆರೆಯನ್ನು ಸ್ಕೇಲಿನಷ್ಟು ನೇರ ಮಾಡಿದವರ ಮನೆಯಲ್ಲಿ ಕೇಳಿದ್ದೇನೆ. ಗ್ರಾಫ್ ನೋಡಲು ಚಂದ, ಸಂಗೀತದಲ್ಲಿ ಉಸಿರಿಲ್ಲ.

ದಿಬ್ಬ ಇಳಿಸಿದೆ. 94ರ ಹತ್ತಿರ ದೊಡ್ಡ ಗುಂಡಿ ಇದೆ, ಅದನ್ನೂ ಏರಿಸಿ ತುಂಬಲಾ?

ಬೇಡ. ಈ ಪುಟದಲ್ಲಿ ಒಂದೇ ಒಂದು ಮಾತು ನೆನಪಿಡುವುದಿದ್ದರೆ ಇದನ್ನು ಇಟ್ಟುಕೊಳ್ಳಿ: ಕೋಣೆ ಸೇರಿಸಿದ್ದನ್ನು ಕಳೆಯಬಹುದು, ಕೋಣೆ ನುಂಗಿದ್ದನ್ನು ತುಂಬಲಾಗದು.

94ರ ಗುಂಡಿಯನ್ನೇ ನೋಡಿ. ಸ್ಪೀಕರ್ ಹಿಂದಿನ ಗೋಡೆಯಿಂದ 3 ಅಡಿ ಮುಂದೆ ಇದೆ ಅಂದುಕೊಳ್ಳಿ. ಹಿಂದಕ್ಕೆ ಹೋದ ಶಬ್ದ ಗೋಡೆಗೆ ಬಡಿದು ಮತ್ತೆ ಸ್ಪೀಕರ್ ದಾಟುವಾಗ 6 ಅಡಿ ಜಾಸ್ತಿ ನಡೆದಿರುತ್ತದೆ. 94 ಹರ್ಟ್ಜ್‌ನ ಅಲೆ 12 ಅಡಿ, 6 ಅಡಿ ಅದರ ಅರ್ಧ. ನೇರ ಬಂದದ್ದು ಮೇಲೇಳುವಾಗ ವಾಪಸ್ ಬಂದದ್ದು ಕೆಳಗಿಳಿಯುತ್ತದೆ. ಒಂದನ್ನೊಂದು ಅಳಿಸುತ್ತವೆ. ನೀವು 94ನ್ನು 6 ಡೆಸಿಬೆಲ್ ಏರಿಸಿದರೆ ನೇರದ್ದೂ ಏರುತ್ತದೆ, ವಾಪಸ್ ಬಂದದ್ದೂ ಅಷ್ಟೇ ಏರುತ್ತದೆ. ಮತ್ತೆ ಅಳಿಸುತ್ತವೆ. ಆದರೆ ಆಂಪ್ ಅಲ್ಲಿ ನಾಲ್ಕು ಪಟ್ಟು ಪವರ್ ಕೊಡಬೇಕು, ವೂಫರ್ (ಬೇಸ್ ನುಡಿಸುವ ಸ್ಪೀಕರ್ ಕೋನ್) ಎರಡು ಪಟ್ಟು ದೂರ ಓಡಾಡಬೇಕು. 10 ಡೆಸಿಬೆಲ್ ಏರಿಸಿದರೆ ಪವರ್ ಹತ್ತು ಪಟ್ಟು. ವೂಫರ್ ಸುಟ್ಟುಕೊಂಡವರಲ್ಲಿ ಒಬ್ಬರು ಹೀಗೇ ಗುಂಡಿ ತುಂಬಲು ಹೋದವರು.

ಪರಿಹಾರ ಟೇಪಿನಲ್ಲಿದೆ. ಸ್ಪೀಕರನ್ನು ಗೋಡೆಗೆ ಇನ್ನೂ ಹತ್ತಿರ ತಳ್ಳಿದರೆ ಗುಂಡಿ ಮೇಲಿನ ಫ್ರೀಕ್ವೆನ್ಸಿಗೆ ಹೋಗಿ ಕಡಿಮೆ ಕಾಡುತ್ತದೆ. 282ನ್ನು ಅಡಿಯಿಂದ ಭಾಗಿಸಿ, ಗುಂಡಿ ಎಲ್ಲಿ ಬೀಳುತ್ತದೆ ಎಂದು ಮೊದಲೇ ನೋಡಿಕೊಳ್ಳಬಹುದು. ಸಮಾಧಾನದ ಸಂಗತಿ ಅಂದರೆ ಕಿರಿದಾದ ಗುಂಡಿ ಕಿವಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ದಿಬ್ಬ ಮಾತ್ರ ತಪ್ಪದೆ ಗೊತ್ತಾಗುತ್ತದೆ.

ಎಷ್ಟು ಹರ್ಟ್ಜ್‌ವರೆಗೆ ಹೀಗೆ ಸರಿಪಡಿಸ್ತಾ ಹೋಗಬಹುದು?

ನಮ್ಮಂಥ ಹಾಲಿಗೆ 200ರವರೆಗೆ. ಜರ್ಮನಿಯಲ್ಲಿ ಹುಟ್ಟಿದ ಭೌತವಿಜ್ಞಾನಿ ಮನ್‌ಫ್ರೆಡ್ ಶ್ರೋಡರ್ ಹೆಸರಿನ ಒಂದು ಗಡಿ ಇದೆ. ಅದರ ಕೆಳಗೆ ಅನುರಣನೆಗಳು ಒಂದೊಂದಾಗಿ ಬಿಡಿಬಿಡಿಯಾಗಿ ಸಿಗುತ್ತವೆ. ಮೇಲೆ ಹೋದಂತೆ ಒತ್ತೊತ್ತಾಗಿ ಒಂದರೊಳಗೊಂದು ಸೇರಿಕೊಳ್ಳುತ್ತವೆ. 48 ಘನ ಮೀಟರಿನ ನಮ್ಮ ಹಾಲಿನಲ್ಲಿ ಶಬ್ದ ಅಡಗಲು ಅರ್ಧ ಸೆಕೆಂಡು ಬೇಕೆಂದಿಟ್ಟುಕೊಂಡರೆ ಆ ಗಡಿ 200ರ ಹತ್ತಿರ ಬರುತ್ತದೆ. ಅದರ ಮೇಲೆ ಗ್ರಾಫಿನಲ್ಲಿ ಕಾಣುವ ಏರಿಳಿತ ತಲೆ ಒಂದಿಂಚು ಸರಿದರೂ ಬದಲಾಗುತ್ತದೆ. ಅಲ್ಲಿ ಕಿರಿದಾದ ಫಿಲ್ಟರ್ ಹಾಕಬೇಡಿ.

ದಿಬ್ಬ ತೆಗೆದ ಮೇಲೆ ಸಪ್ಪೆ ಅನ್ನಿಸ್ತಿದೆ. ಮೊದಲೇ ಚೆನ್ನಾಗಿತ್ತೇನೋ?

ಒಂದು ವಾರ ತಡೆಯಿರಿ. ಉಪ್ಪು ಜಾಸ್ತಿ ತಿಂದು ರೂಢಿಯಾದ ನಾಲಿಗೆಗೆ ಹದವಾದ ಸಾರು ಮೊದಲು ಸಪ್ಪೆ ಅನ್ನಿಸುತ್ತದೆ. ವಾರದ ಮೇಲೆ ಫಿಲ್ಟರ್ ತೆಗೆದು ಕೇಳಿ, ಹೆಚ್ಚಿನವರು ಐದು ನಿಮಿಷದಲ್ಲಿ ಮತ್ತೆ ಹಾಕುತ್ತಾರೆ.

ಆದರೂ ಸಪ್ಪೆ ಅನ್ನಿಸಿದರೆ ತಪ್ಪು ನಿಮ್ಮ ಕಿವಿಯದ್ದಲ್ಲ. ಕೋಣೆಯಲ್ಲಿ ಬೇಸ್ ಮೇಲಿನ ಸ್ವರಗಳಷ್ಟೇ ಮಟ್ಟದಲ್ಲಿದ್ದರೆ ತೆಳ್ಳಗೆ ಕೇಳುತ್ತದೆ. ಕೇಳುಗರನ್ನು ಕೂರಿಸಿ ಸ್ಪೀಕರ್ ತಯಾರಿಸುವ ಹಾರ್ಮನ್ ಕಂಪನಿಯವರು ನಡೆಸಿದ ಪರೀಕ್ಷೆಗಳಲ್ಲೂ ಸ್ವಲ್ಪ ಏರಿದ ಬೇಸನ್ನೇ ಜನ ಮೆಚ್ಚಿದರು. ದಿಬ್ಬ ತೆಗೆದ ಮೇಲೆ ಇಡೀ ಬೇಸನ್ನು ನಯವಾಗಿ 3ರಿಂದ 5 ಡೆಸಿಬೆಲ್ ಏರಿಸಿ. ಇದಕ್ಕೆ ಲೋ ಶೆಲ್ಫ್ ಎಂಬ ಫಿಲ್ಟರ್ ಇದೆ. ಮೊದಲು ನೆಲ ಸಮ ಮಾಡಿ, ಆಮೇಲೆ ಅದನ್ನು ಎತ್ತರಿಸಿದ ಹಾಗೆ.

ಫಿಲ್ಟರ್ ಎಲ್ಲಿ ಹಾಕಬೇಕು? ಹೊಸ ಡಬ್ಬ ತಗೋಬೇಕಾ?

ಹಾಡು ಎಲ್ಲಿಂದ ಬರುತ್ತದೆ ಎನ್ನುವುದರ ಮೇಲಿದೆ. ವಿಂಡೋಸ್ ಕಂಪ್ಯೂಟರಿನಿಂದ ಬಂದರೆ ಈಕ್ವಲೈಝರ್ ಎಪಿಓ ಉಚಿತ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಇಟ್ಟುಕೊಂಡಿದ್ದರೆ ಕ್ಯಾಮಿಲಾ ಡಿಎಸ್‌ಪಿ ಎಂಬ ಸಾಫ್ಟ್‌ವೇರ್. ಟಿವಿ, ಫೋನ್, ಸಿಡಿ ಎಲ್ಲವೂ ಇದ್ದರೆ ಸಬ್ ಅಥವಾ ಆಂಪ್‌ಗೆ ಮೊದಲು ಮಿನಿಡಿಎಸ್‌ಪಿಯಂಥ ಪುಟ್ಟ ಡಬ್ಬ ಕೂರಿಸುವುದು ಅನುಕೂಲ.

ಕಂಪ್ಯೂಟರಿನಲ್ಲಿ ಶೆಲ್ಫ್ ಹಾಕಿ ಬೇಸ್ 4 ಡೆಸಿಬೆಲ್ ಏರಿಸಿದ್ದರೆ ಪ್ರಿಆಂಪ್ ಎಂಬಲ್ಲಿ ಮೈನಸ್ 4 ಬರೆಯುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಜೋರಾದ ಕಡೆಯಲ್ಲೆಲ್ಲ ಶಬ್ದ ಒಡೆಯುತ್ತದೆ.

## ಇನ್ನೂ ಒಳಕ್ಕೆ

ಫಿಲ್ಟರ್ ಬರೀ ಸದ್ದು ಇಳಿಸುತ್ತೋ, ಆಮೇಲೂ ಉಳಿಯೋ ಗುಂಗನ್ನೂ ನಿಲ್ಲಿಸುತ್ತೋ?

ನೀವು ಕೂತ ಜಾಗದಲ್ಲಿ ಎರಡನ್ನೂ ಮಾಡುತ್ತದೆ. ಇದನ್ನು ಬಹಳ ಜನ ನಂಬುವುದಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಂಟಿಯಾಗಿ ನಿಂತ ಅನುರಣನೆಯಲ್ಲಿ ದಿಬ್ಬದ ಕಿರಿದು ಮತ್ತು ಗುಂಗಿನ ಉದ್ದ ಒಂದೇ ನಾಣ್ಯದ ಎರಡು ಮುಖ. ದಿಬ್ಬ ಕಿರಿದಾದಷ್ಟೂ ಗುಂಗು ಉದ್ದ. ಫ್ರೀಕ್ವೆನ್ಸಿಯನ್ನು ಗುಂಗಿನ ಸೆಕೆಂಡುಗಳಿಂದ ಗುಣಿಸಿ 2.2ರಿಂದ ಭಾಗಿಸಿದರೆ ಆ ಅನುರಣನೆಯ ಕ್ಯೂ ಸಿಗುತ್ತದೆ. ಇಲ್ಲಿ ಗುಂಗು ಅಂದರೆ 60 ಡೆಸಿಬೆಲ್ ಇಳಿಯಲು ಬೇಕಾದ ಹೊತ್ತು. ನಮ್ಮ ಹಾಲಿನ 41 ಹರ್ಟ್ಜ್ ಅಡಗಲು 0.8 ಸೆಕೆಂಡು ಹಿಡಿಯುತ್ತಿತ್ತು, ಕ್ಯೂ 15.

ಬೇಸ್‌ನಲ್ಲಿ ಇಂಥ ಅನುರಣನೆಗೆ ಸರಿಯಾಗಿ ತಿರುಗುಮುರುಗಾದ ಫಿಲ್ಟರ್ ಹಾಕಿದರೆ ಮಟ್ಟ ಸರಿಹೋಗುವುದರ ಜೊತೆಗೇ ಹೊತ್ತೂ ಸರಿಹೋಗುತ್ತದೆ. ಮೈನಸ್ 10, ಕ್ಯೂ 8ರ ಫಿಲ್ಟರ್ ಸಾಮಾನ್ಯ ಲೆಕ್ಕದ ಪ್ರಕಾರ ಕ್ಯೂ 15ರ ದಿಬ್ಬಕ್ಕೆ ಚೆನ್ನಾಗಿ ಹೊಂದುತ್ತದೆ, ಗುಂಗು ಕಾಲು ಸೆಕೆಂಡಿನ ಹತ್ತಿರಕ್ಕೆ ಬರುತ್ತದೆ. ಮೇಲಿನ ಉದಾಹರಣೆಯಲ್ಲಿ ಕ್ಯೂ 5ರಿಂದ 8ಕ್ಕೆ ಏರಿಸಿದ್ದು ಇದಕ್ಕೂ ಹೌದು. ಹೊಂದಾಣಿಕೆ ತಪ್ಪಿದರೆ ಮಟ್ಟ ಇಳಿದರೂ ಗುಂಗು ಸಣ್ಣದಾಗಿ ಉಳಿಯುತ್ತದೆ. ಹೊತ್ತು ಕಳೆದಂತೆ ಪ್ರತಿ ಸ್ವರ ಹೇಗೆ ಅಡಗುತ್ತದೆ ಎಂದು ತೋರಿಸುವ ವಾಟರ್‌ಫಾಲ್ ಗ್ರಾಫಿನಲ್ಲಿ ಅದು ಉದ್ದನೆಯ ಬಾಲದಂತೆ ಕಾಣುತ್ತದೆ. ಹಾಕುವ ಮೊದಲು, ಹಾಕಿದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಒಂದು ಎಚ್ಚರಿಕೆ. ಕ್ಯೂ ಎಂಬುದನ್ನು ಎಲ್ಲಾ ಉಪಕರಣಗಳೂ ಒಂದೇ ರೀತಿ ಎಣಿಸುವುದಿಲ್ಲ. ರೂಮ್ ಈಕ್ಯೂ ವಿಝರ್ಡ್‌ನಲ್ಲಿ ನಿಮ್ಮ ಈಕ್ವಲೈಝರ್ ಯಾವುದೆಂದು ಆರಿಸಿಕೊಳ್ಳಲು ಕೇಳುವುದು ಅದಕ್ಕೇ. ತಪ್ಪು ಆರಿಸಿದರೆ ಅದೇ ಅಂಕಿ ಬೇರೆ ಆಕಾರ ಕೊಡುತ್ತದೆ.

ನಾನು ಕೂರೋ ಜಾಗದಲ್ಲಿ ಚೆನ್ನಾಗಿದೆ, ಪಕ್ಕದಲ್ಲಿ ಕೂತ ಅಮ್ಮಂಗೆ ಬೇಸೇ ಕೇಳ್ತಿಲ್ಲ. ಏನು ಮಾಡ್ಲಿ?

ದಿಬ್ಬ ಕೋಣೆಯ ತುಂಬಾ ಒಂದೇ ಎತ್ತರ ಇರುವುದಿಲ್ಲ. ನಿಮ್ಮ ಜಾಗಕ್ಕೆ 10 ಡೆಸಿಬೆಲ್ ಇಳಿಸಿದ್ದು ಅಮ್ಮ ಕೂರುವ ಜಾಗಕ್ಕೆ ಜಾಸ್ತಿಯಾಯಿತು. ಮೂರು ನಾಲ್ಕು ಜಾಗದಲ್ಲಿ ಅಳೆದು, ಎಲ್ಲಾ ಕಡೆಯೂ ಇರುವಷ್ಟನ್ನು ಮಾತ್ರ ಇಳಿಸಿ. ನಿಮಗೆ ಸ್ವಲ್ಪ ದಿಬ್ಬ ಉಳಿಯುತ್ತದೆ, ಉಳಿಯಲಿ. ಮನೆಯವರೆಲ್ಲ ಕೂತು ಕೇಳುವ ಹಾಲಿಗೆ ಅದೇ ಸರಿ.

ಎರಡನೇ ಸಬ್ ತಗೊಂಡ್ರೆ ಬೇಸ್ ಇನ್ನೂ ಜಾಸ್ತಿ ಆಗಿ ಕೆಡಲ್ವಾ?

ಜೋರಿಗಾಗಿ ಅಲ್ಲ, ಸಮ ಆಗಲಿ ಅಂತ ಎರಡನೆಯದು. ಎದುರುಬದುರು ಗೋಡೆಗಳ ನಡುಮಧ್ಯದಲ್ಲಿ ಒಂದೊಂದು ಸಬ್ ಇಟ್ಟರೆ, ಒಂದು ತಳ್ಳುವ ಅನುರಣನೆಯನ್ನು ಇನ್ನೊಂದು ಎದುರಿನಿಂದ ತಡೆಯುತ್ತದೆ. ನಮ್ಮ ಹಾಲಿನ ಉದ್ದಕ್ಕೆ ಹಾಗೆ ಇಟ್ಟರೆ 40 ಹರ್ಟ್ಜ್ ಏಳುವುದೇ ಕಡಿಮೆ. 2002ರಲ್ಲಿ ಹಾರ್ಮನ್‌ನ ಟಾಡ್ ವೆಲ್ಟಿ ಹಲವು ಬಗೆಯ ಜೋಡಣೆಗಳನ್ನು ಹೋಲಿಸಿ, ನಾಲ್ಕು ಗೋಡೆಗಳ ನಡುವೆ ನಾಲ್ಕು ಸಬ್ ಇಡುವುದು ಬಹಳ ಒಳ್ಳೆಯದು, ಎದುರುಬದುರು ಎರಡೇ ಇಟ್ಟರೂ ಹತ್ತಿರಹತ್ತಿರ ಅಷ್ಟೇ ಫಲ ಎಂದು ತೋರಿಸಿದರು. ಜಾಗದಿಂದ ಜಾಗಕ್ಕೆ ವ್ಯತ್ಯಾಸ ತಗ್ಗುವುದರಿಂದ ಆಮೇಲೆ ಹಾಕುವ ಫಿಲ್ಟರ್ ಎಲ್ಲರಿಗೂ ಹೊಂದುತ್ತದೆ. ಎರಡು ಸಬ್‌ಗಳನ್ನು ಜೊತೆಯಲ್ಲೇ ಓಡಿಸಿ ಅಳೆದು, ಎರಡಕ್ಕೂ ಒಂದೇ ಫಿಲ್ಟರ್ ಹಾಕಿ.

ನನ್ನ ಎವಿ ರಿಸೀವರ್ ತಾನೇ ಮೈಕ್ ಇಟ್ಟು ಸರಿ ಮಾಡುತ್ತೆ. ಮತ್ತೆ ಇದೆಲ್ಲ ಯಾಕೆ?

ಅದು ಚೆನ್ನಾಗಿ ಮಾಡಿದ್ದರೆ ಬೇಕಿಲ್ಲ. ಆಡಿಸ್ಸಿ, ಡಿರಾಕ್‌ನಂಥವು ಹಲವು ಜಾಗದಲ್ಲಿ ಅಳೆದು ತಾವೇ ಫಿಲ್ಟರ್ ಹಾಕುತ್ತವೆ. ಆದರೆ ಮುಗಿದ ಮೇಲೆ ನಿಮ್ಮ ಮೈಕ್‌ನಿಂದ ಒಮ್ಮೆ ಅಳೆದು ನೋಡಿ. ಕೆಲವು ಅಗ್ಗದ ಮಾದರಿಗಳು ಸಬ್‌ವೂಫರ್‌ಗೆ ಫಿಲ್ಟರೇ ಹಾಕುವುದಿಲ್ಲ. ಇನ್ನು ಕೆಲವು 5 ಸಾವಿರ ಹರ್ಟ್ಜ್‌ನಲ್ಲೂ ಕೈಯಾಡಿಸಿ ಒಳ್ಳೆಯ ಸ್ಪೀಕರಿನ ದನಿ ಬದಲಾಯಿಸುತ್ತವೆ. ಮೇಲಿನ ಮಿತಿ ಹಾಕುವ ಅವಕಾಶ ಇದ್ದರೆ 200 ಅಥವಾ 300ಕ್ಕೆ ಹಾಕಿ.

ರಾತ್ರಿ ಸಣ್ಣಗೆ ಇಟ್ಟು ಕೇಳೋವಾಗ ಬೇಸೇ ಇಲ್ಲ ಅನ್ನಿಸುತ್ತೆ. ಫಿಲ್ಟರ್ ತೆಗೆದುಬಿಡಲಾ?

ತೆಗೆಯಬೇಡಿ. ಸದ್ದು ಕಡಿಮೆಯಾದಷ್ಟೂ ನಮ್ಮ ಕಿವಿ ಬೇಸನ್ನು ಇನ್ನೂ ಕಡಿಮೆ ಹಿಡಿಯುತ್ತದೆ. ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಇದನ್ನು 1933ರಲ್ಲೇ ಅಳೆದು ತೋರಿಸಿದ್ದರು. ರಾತ್ರಿಗೆಂದು ಇನ್ನೊಂದು ಪ್ರೀಸೆಟ್ (ಉಳಿಸಿಟ್ಟ ಫಿಲ್ಟರ್‌ಗಳ ಜೋಡಣೆ) ಮಾಡಿಕೊಳ್ಳಿ. ದಿಬ್ಬದ ಫಿಲ್ಟರ್‌ಗಳು ಹಾಗೇ ಇರಲಿ, ಶೆಲ್ಫ್ ಮಾತ್ರ ಇನ್ನೊಂದು 3-4 ಡೆಸಿಬೆಲ್ ಜಾಸ್ತಿ. ಫಿಲ್ಟರ್ ತೆಗೆದರೆ ವಾಪಸ್ ಬರುವುದು ಒಂದೇ ಸ್ವರ. ಅದು ಗೋಡೆ ದಾಟಿ ಪಕ್ಕದ ಮನೆಯವರ ನಿದ್ದೆಯನ್ನೂ ಕೆಡಿಸುತ್ತದೆ.

ಜನವರಿಯಲ್ಲಿ ಸರಿ ಮಾಡಿದ್ದು ಏಪ್ರಿಲ್‌ನಲ್ಲಿ ಬದಲಾದ ಹಾಗಿದೆ. ಹೀಗಾಗುತ್ತಾ?

ಸೆಕೆಯಿಂದ ಸ್ವಲ್ಪ ಆಗುತ್ತದೆ. ಗಾಳಿ ಬಿಸಿಯಾದರೆ ಶಬ್ದದ ವೇಗ ಹೆಚ್ಚುತ್ತದೆ. 20 ಡಿಗ್ರಿಯಿಂದ 30ಕ್ಕೆ ಏರಿದರೆ 41ರ ದಿಬ್ಬ 41.7ಕ್ಕೆ ಸರಿಯುತ್ತದೆ. ಕ್ಯೂ 8ರ ಫಿಲ್ಟರ್ ಅದನ್ನು ತಡೆದುಕೊಳ್ಳುತ್ತದೆ. ತೀರಾ ಕಿರಿದಾಗಿ ಕ್ಯೂ 20, 25 ಇಟ್ಟಿದ್ದರೆ ತಪ್ಪಬಹುದು.

ಸೆಕೆಗಿಂತ ದೊಡ್ಡ ಕಾರಣ ಬಾಗಿಲು. ಚಳಿಯಲ್ಲಿ ಮುಚ್ಚಿಕೊಂಡು ಅಳೆದಿರುತ್ತೀರಿ, ಬೇಸಿಗೆಯಲ್ಲಿ ತೆರೆದು ಕೇಳುತ್ತೀರಿ. ನಮ್ಮ ಹಾಲಿನಿಂದ ಊಟದ ಕೋಣೆಗೆ ಹೋಗುವ ಬಾಗಿಲು ತೆರೆದರೆ 41ರ ದಿಬ್ಬ 4 ಡೆಸಿಬೆಲ್ ತಾನಾಗೇ ಇಳಿಯುತ್ತದೆ, ಫಿಲ್ಟರ್ ಅಷ್ಟು ಜಾಸ್ತಿಯಾಗುತ್ತದೆ. ನಾನು ಬಾಗಿಲು ಮುಚ್ಚಿದ್ದಕ್ಕೆ ಒಂದು, ತೆರೆದದ್ದಕ್ಕೆ ಒಂದು ಎಂದು ಎರಡು ಪ್ರೀಸೆಟ್ ಇಟ್ಟುಕೊಂಡಿದ್ದೇನೆ. ಏಪ್ರಿಲ್‌ನಿಂದ ಮಳೆ ಹಿಡಿಯುವವರೆಗೆ ಎರಡನೆಯದೇ ಓಡುತ್ತದೆ.